ಒಲೆಯಿಂದ ತಾರಸಿಗೆ: ಮನೆಯ ಶಕ್ತಿಗೆ ಸರಕಾರದ ನೆರವು

ಬೆಳಗಿನ ಸ್ನಾನಕ್ಕೆ ನೀರು ಕಾಯಿಸುವುದು ಮನೆಗೆಲಸಗಳಲ್ಲಿ ಬಹಳ ಹಳೆಯದು. ವಾಚಕರಲ್ಲಿ ವಯಸ್ಸಾದವರಿಗೆ ಬಚ್ಚಲುಮನೆಯ ಹಂಡೆ, ಅದರ ಕೆಳಗಿನ ಒಲೆ, ಹಸಿ ಸೌದೆಯ ಹೊಗೆ, ಊದುಕೊಳವೆ ಹಿಡಿದು ಕೆಮ್ಮುತ್ತ ಕುಳಿತ ತಾಯಿ, ಇವೆಲ್ಲ ನೆನಪಿರಬೇಕು. ಇಂದು ಬೆಂಗಳೂರಿನ ಯಾವುದಾದರೊಂದು ಬಡಾವಣೆಯಲ್ಲಿ ತಾರಸಿಯ ಮೇಲೆ ನಿಂತು ಸುತ್ತಲೂ ಕಣ್ಣು ಹಾಯಿಸಿ. ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಮಲಗಿದ ಗಾಜಿನ ಫಲಕಗಳು, ಅವುಗಳ ತಲೆಯ ಮೇಲೊಂದು ದುಂಡನೆಯ ತೊಟ್ಟಿ. ಇಂಥವು ಒಂದಲ್ಲ, ಹತ್ತಾರು ಕಾಣುತ್ತವೆ. ಹಂಡೆಯ ಕೆಲಸವನ್ನು ಈಗ ಸೂರ್ಯನೇ ಮಾಡುತ್ತಿದ್ದಾನೆ.

ಹಂಡೆಯಿಂದ ಈ ತೊಟ್ಟಿಗೆ ಬರುವ ದಾರಿ ನೇರವಾಗಿರಲಿಲ್ಲ. ಈ ದಾರಿಯಲ್ಲಿ ವಿಜ್ಞಾನಿಯ ಬುದ್ಧಿ ಎಷ್ಟು ಕೆಲಸ ಮಾಡಿತೋ ಸರಕಾರದ ಬೊಕ್ಕಸವೂ ಅಷ್ಟೇ ಕೆಲಸ ಮಾಡಿತು. ಒಲೆಗೆ ಸಹಾಯಧನ, ಗೊಬ್ಬರದ ಅನಿಲಕ್ಕೆ ಸಹಾಯಧನ, ಬಿಸಿಲಿನಿಂದ ನೀರು ಕಾಯಿಸಿದರೆ ಬಿಲ್ಲಿನಲ್ಲಿ ಸೋಡಿ, ದೀಪಕ್ಕೆ ಅಗ್ಗದ ಬೆಲೆ, ಛಾವಣಿಯ ಮೇಲೆ ವಿದ್ಯುತ್ತು ಮಾಡಿದರೆ ಕೈಗೆ ಹಣ, ಹೀಗೆ ನಾಲ್ಕು ದಶಕಗಳಿಂದ ಸರಕಾರ ನಮ್ಮ ಅಡಿಗೆಮನೆಗೂ ಬಚ್ಚಲುಮನೆಗೂ ಬಂದುಹೋಗುತ್ತಲೇ ಇದೆ. ಈ ಹಣದಲ್ಲಿ ಕೆಲವು ಕಡೆ ಬೆಳೆ ಬಂತು, ಕೆಲವು ಕಡೆ ಬಿತ್ತಿದ ಬೀಜವೂ ಉಳಿಯಲಿಲ್ಲ. ಏಕೆ ಹೀಗಾಯಿತು? ಹಣ ಕಡಿಮೆಯಾಯಿತೆ? ಯಂತ್ರ ಕೆಟ್ಟದ್ದಾಗಿತ್ತೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಆ ಚರಿತ್ರೆಯನ್ನು ನಿಮ್ಮೆದುರು ಒಮ್ಮೆ ಬಿಚ್ಚಿನೋಡುವುದು ಈ ಲೇಖನದ ಉದ್ದೇಶ.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. ೧೯೦೨ರಲ್ಲಿಯೆ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿಗೆ ದೀಪ ಬಂತು. ಆದರೆ ಆ ದೀಪದ ಬೆಳಕಿನಲ್ಲಿಯೂ ನಮ್ಮ ಒಲೆ ಮಾತ್ರ ಹಿಂದಿನಂತೆಯೇ ಇತ್ತು. ಮೂರು ಕಲ್ಲು, ಇಲ್ಲವೆ ಮಣ್ಣಿನ ಮೂರು ಗುಬ್ಬಗಳು, ನಡುವೆ ಸೌದೆ. ಈ ಒಲೆಯಲ್ಲಿ ಉರಿದ ಶಾಖದಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಸುಮಾರು ಹತ್ತು ಪಾಲು ಮಾತ್ರ. ಉಳಿದದ್ದು ಗೋಡೆಗೆ, ಗಾಳಿಗೆ, ಮತ್ತು ಅಡಿಗೆ ಮಾಡುವವಳ ಕಣ್ಣಿಗೆ. ಹತ್ತು ಹೊರೆ ಸೌದೆ ತಂದರೆ ಒಂಬತ್ತು ಹೊರೆ ವ್ಯರ್ಥವಾಗಿ ಉರಿದುಹೋಗುತ್ತದೆ ಎಂದರೆ, ಆ ಹೊರೆಯನ್ನು ತಲೆಯ ಮೇಲೆ ಹೊತ್ತು ತಂದವರ ನಡಿಗೆಯೂ ಒಂಬತ್ತು ಪಾಲು ವ್ಯರ್ಥವೆಂದೇ ಅರ್ಥ.

ಇದನ್ನು ಕಂಡು ಮರುಗಿದವರು ಸ್ವಾತಂತ್ರ್ಯದ ಹೊತ್ತಿಗೇ ಇದ್ದರು. ವರ್ಧಾದ ಗ್ರಾಮೋದ್ಯೋಗ ಕಾರ್ಯಕರ್ತರು ‘ಮಗನ್ ಚೂಲಾ’ ಎಂಬ ಹೊಗೆಯಿಲ್ಲದ ಒಲೆಯನ್ನು ಬಳಕೆಗೆ ತರಲು ಯತ್ನಿಸಿದರು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಹೊಗೆಯ ಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿ, ಲಕ್ಷಾಂತರ ಮನೆಗಳಿಗೆ ಹೊಗೆಯಿಲ್ಲದ ಅಡಿಗೆಮನೆ ಬೇಕೆಂದು ವಾದಿಸುವ ಒಂದು ಸಣ್ಣ ಪುಸ್ತಕವನ್ನು ೧೯೫೩ರಲ್ಲಿ ಪ್ರಕಟಿಸಿದರು. ಆ ಕಡೆ ದನದ ಸೆಗಣಿಯಿಂದ ಉರಿಯುವ ಅನಿಲವನ್ನು ತೆಗೆಯಬಹುದೆಂದು ದೆಹಲಿಯ ಕೃಷಿ ಸಂಶೋಧನಾಲಯದಲ್ಲಿ ಎಸ್. ವಿ. ದೇಸಾಯಿ ಅವರು ೧೯೩೯ರಲ್ಲಿಯೇ ಪ್ರಯೋಗ ಮಾಡಿದ್ದರು. ಜಶ್‌ಭಾಯಿ ಪಟೇಲರು ೧೯೫೧ರಲ್ಲಿ ‘ಗ್ರಾಮಲಕ್ಷ್ಮಿ’ ಎಂಬ ಸ್ಥಾವರವನ್ನು ಕಟ್ಟಿದರು. ೧೯೬೦ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಆ ಮಾದರಿಯನ್ನು ಎತ್ತಿಕೊಂಡು ಹಳ್ಳಿಗಳಿಗೆ ಹಂಚತೊಡಗಿತು. ಬುದ್ಧಿವಂತಿಕೆಗೆ ಕೊರತೆಯಿರಲಿಲ್ಲ. ಆದರೆ ಸೀಮೆಎಣ್ಣೆ ಅಗ್ಗವಾಗಿ ದೊರೆಯುತ್ತಿದ್ದ ಆ ಕಾಲದಲ್ಲಿ ಇಂಥ ಒಲೆಗಳಿಗೆ ದೊಡ್ಡ ಗಂಟು ಬಿಚ್ಚುವ ಅಗತ್ಯ ಯಾರಿಗೂ ತೋರಲಿಲ್ಲ.

ಗಂಟು ಬಿಚ್ಚಿಸಿದ್ದು ೧೯೭೩ರ ತೈಲದ ಬಿಕ್ಕಟ್ಟು. ಪಶ್ಚಿಮ ಏಷ್ಯದ ಯುದ್ಧದ ಬೆನ್ನಿಗೆ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಪ್ರಪಂಚದ ಸರಕಾರಗಳೆಲ್ಲ ಒಮ್ಮೆ ಬೆಚ್ಚಿದವು. ನಮ್ಮಲ್ಲಿಯೂ ಶಕ್ತಿಯ ಲೆಕ್ಕವನ್ನು ಹೊಸದಾಗಿ ಹಾಕುವ ಕೆಲಸ ಮೊದಲಾಯಿತು. ಈ ಕೆಲಸದಲ್ಲಿ ಬೆಂಗಳೂರಿಗೆ ಒಂದು ವಿಶೇಷ ಸ್ಥಾನವುಂಟು. ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಅದರ ಮುಂದಾಳು ಅಮೂಲ್ಯ ರೆಡ್ಡಿಯವರು. ಇವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಬಿಡಾರ ಹೂಡಿ, ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಯಾರು ಏನನ್ನು ಎಷ್ಟು ಉರಿಸುತ್ತಾರೆಂದು ಲೆಕ್ಕ ತೆಗೆಯಿತು. ಲೆಕ್ಕ ಹೇಳಿದ್ದೇನು? ಹಳ್ಳಿ ಬಳಸುವ ಶಕ್ತಿಯಲ್ಲಿ ಸಿಂಹಪಾಲು ವಿದ್ಯುತ್ತೂ ಅಲ್ಲ, ಎಣ್ಣೆಯೂ ಅಲ್ಲ, ಸೌದೆ. ಆ ಸೌದೆಯ ಬಹುಪಾಲು ಹೋಗುವುದು ಅಡಿಗೆಯ ಒಲೆಗೆ. ಅದನ್ನು ತರುವ ಶ್ರಮದಲ್ಲಿ ದೊಡ್ಡ ಪಾಲು ಹೆಂಗಸರದು ಮತ್ತು ಮಕ್ಕಳದು.

ಈ ತಿಳಿವಳಿಕೆಯಿಂದ ಹುಟ್ಟಿದ್ದು ‘ಅಸ್ತ್ರ ಒಲೆ’. ಅದರ ರಚನೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಉರಿಯನ್ನು ಬಯಲಿಗೆ ಬಿಡದೆ ಒಂದು ಮುಚ್ಚಿದ ಗೂಡಿನಲ್ಲಿ ಹಿಡಿಯುವುದು. ಸೌದೆಯ ಕೆಳಗೆ ಸರಳುಗಳ ಜಾಲರಿಯಿಟ್ಟು ಗಾಳಿ ಕೆಳಗಿನಿಂದ ಬರುವಂತೆ ಮಾಡುವುದು. ಮೊದಲ ಪಾತ್ರೆಯನ್ನು ದಾಟಿದ ಬಿಸಿ ಗಾಳಿಯನ್ನು ಎರಡನೆಯ ಮತ್ತು ಮೂರನೆಯ ಪಾತ್ರೆಗಳ ಕೆಳಗೆ ಹಾಯಿಸಿ, ಕಡೆಗೆ ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಹೊರಗೆ ಕಳುಹಿಸುವುದು. ಒಂದೇ ಉರಿಯಲ್ಲಿ ಅನ್ನ, ಸಾರು, ಬಿಸಿನೀರು. ಹಳೆಯ ಒಲೆಯಲ್ಲಿ ನೂರಕ್ಕೆ ಹತ್ತಿದ್ದ ಲಾಭ ಇದರಲ್ಲಿ ಮೂವತ್ತಕ್ಕೂ ಮೇಲೇರಿತು. ಅಡಿಗೆಮನೆಯ ಗೋಡೆ ಬೆಳ್ಳಗೆ ಉಳಿಯಿತು.

ಇಷ್ಟರಲ್ಲಿ ದೆಹಲಿಯೂ ಎಚ್ಚೆತ್ತಿತ್ತು. ೧೯೮೧ರಲ್ಲಿ ಹೆಚ್ಚುವರಿ ಶಕ್ತಿಮೂಲಗಳಿಗಾಗಿ ಒಂದು ಆಯೋಗ, ೧೯೮೨ರಲ್ಲಿ ಅಸಾಂಪ್ರದಾಯಿಕ ಶಕ್ತಿಯ ಇಲಾಖೆ, ೧೯೯೨ರಲ್ಲಿ ಅದಕ್ಕೇ ಮೀಸಲಾದ ಮಂತ್ರಾಲಯ, ಹೀಗೆ ಒಂದೊಂದಾಗಿ ಏರ್ಪಟ್ಟವು. ಗೊಬ್ಬರದ ಅನಿಲದ ರಾಷ್ಟ್ರೀಯ ಯೋಜನೆ ೧೯೮೧-೮೨ರಲ್ಲಿ ಮೊದಲಾಯಿತು. ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ೧೯೮೩ರ ಸುಮಾರಿಗೆ ಪ್ರಾರಂಭವಾಗಿ ಬೇಗನೆ ದೇಶವ್ಯಾಪಿಯಾಯಿತು. ಒಲೆಯ ವೆಚ್ಚದಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಸರಕಾರ ಭರಿಸುವುದು, ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟು ಒಲೆಯೊಂದಕ್ಕೆ ಇಷ್ಟೆಂದು ಕೂಲಿ ಕೊಡುವುದು, ಇದು ಅದರ ಕ್ರಮ. ಮುಂದಿನ ಎರಡು ದಶಕಗಳಲ್ಲಿ ದೇಶದಲ್ಲೆಲ್ಲ ಸೇರಿ ಮೂರು ಕೋಟಿಗೂ ಮೇಲ್ಪಟ್ಟು ಒಲೆಗಳು ಕಾಗದದಲ್ಲಿ ಲೆಕ್ಕಕ್ಕೆ ಬಂದವು.

ಕಾಗದದಲ್ಲಿ ಎಂದು ಬೇಕೆಂದೇ ಹೇಳಿದ್ದೇನೆ. ಇಲ್ಲಿ ನನ್ನ ಸೋದರತ್ತೆಯ ಮಾತೊಂದನ್ನು ಹೇಳಲು ನಿಮ್ಮ ಅಪ್ಪಣೆ ಬೇಡುತ್ತೇನೆ. ಹಳ್ಳಿಯಲ್ಲಿ ಅವರ ಮನೆಗೂ ಒಂದು ಹೊಸ ಒಲೆ ಬಂದಿತ್ತು. ರಜೆಯಲ್ಲಿ ನಾನು ಹೋದಾಗ ನೋಡಿದರೆ ಅದರ ಬಾಯಿಯನ್ನು ಹಾರೆಯಿಂದ ಒಡೆದು ಅಗಲಮಾಡಿದ್ದರು. ಉದ್ದನೆಯ ಸೌದೆ ಅರ್ಧ ಒಳಗೆ, ಅರ್ಧ ಹೊರಗೆ ಉರಿಯುತ್ತಿತ್ತು. ಹೊಗೆ ಎಂದಿನಂತೆ ಮನೆ ತುಂಬಿತ್ತು. ಕಾಲೇಜು ಓದುತ್ತಿದ್ದ ನಾನು ಜಾಣತನ ತೋರಿಸಲು ಹೋಗಿ, “ಏನತ್ತೆ, ಒಳ್ಳೆಯ ಒಲೆಯನ್ನು ಕೆಡಿಸಿಬಿಟ್ಟಿರಲ್ಲ” ಎಂದೆ. ಅತ್ತೆ ತಲೆಯೆತ್ತದೆ ಹೇಳಿದರು: “ಒಲೆ ಚೆನ್ನಾಗೇ ಇತ್ತು ಕಣೋ. ಅದರ ಬಾಯಿಗೆ ತಕ್ಕ ಹಾಗೆ ಸೌದೆ ಸೀಳಿಕೊಡೋರು ಯಾರು? ನೀನು ಇರ್ತೀಯಾ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಯೋಚಿಸಿ ನೋಡಿದರೆ ಆ ರಾಷ್ಟ್ರೀಯ ಕಾರ್ಯಕ್ರಮದ ಬಳಿಯೂ ಇರಲಿಲ್ಲ. ಸಣ್ಣ ಬಾಯಿಯ ಒಲೆ ಸೌದೆಯನ್ನು ಉಳಿಸುತ್ತದೆ, ನಿಜ; ಆದರೆ ಸೌದೆಯನ್ನು ಸಣ್ಣಗೆ ಸೀಳುವ ಕೆಲಸವನ್ನು ಹೊಸದಾಗಿ ಮನೆಯ ಹೆಂಗಸಿನ ತಲೆಗೆ ಕಟ್ಟುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯಬೇಕು. ಮಣ್ಣು ಬಿರುಕು ಬಿಟ್ಟರೆ ಮೆತ್ತಬೇಕು, ಅದೂ ಅಳತೆ ತಪ್ಪದಂತೆ. ಮನೆಯ ದೊಡ್ಡ ಪಾತ್ರೆ ಒಲೆಯ ಕಣ್ಣಿಗೆ ಕೂರದಿದ್ದರೆ ಕಣ್ಣನ್ನು ತಿದ್ದಬೇಕು. ಇವನ್ನೆಲ್ಲ ಮಾಡಬಲ್ಲವನು ಒಲೆ ಕಟ್ಟಿದ ಕಸಬಿನವನು. ಆದರೆ ಅವನ ಕೂಲಿ ಒಲೆ ಕಟ್ಟಿದ ದಿನವೇ ಮುಗಿಯುತ್ತಿತ್ತು. ಲೆಕ್ಕ ಬರೆಯುವ ಅಧಿಕಾರಿಯೂ ಆ ದಿನವನ್ನೇ ನೋಡುತ್ತಿದ್ದ. ಆರು ತಿಂಗಳ ಮೇಲೆ ಒಲೆ ಉರಿಯುತ್ತಿದೆಯೆ ಎಂದು ಕೇಳುವುದಕ್ಕೆ ಯಾರ ಸಂಬಳವೂ ಇರಲಿಲ್ಲ. ಕಾರ್ಯಕ್ರಮವನ್ನು ಕೇಂದ್ರ ಸರಕಾರ ೨೦೦೨ರಲ್ಲಿ ಕೈಬಿಟ್ಟಿತು. ಒಲೆಯ ವಿಜ್ಞಾನ ಸೋಲಲಿಲ್ಲ; ಒಳ್ಳೆಯ ಕೈ ಕಟ್ಟಿ, ಆಮೇಲೂ ವಿಚಾರಿಸಿಕೊಂಡ ಊರುಗಳಲ್ಲಿ ಅಸ್ತ್ರ ಒಲೆ ಬಹುಕಾಲ ಉರಿಯಿತು. ಸೋತದ್ದು ಹಣ ಕೊಟ್ಟ ರೀತಿ.

ಈಗ ಇದೇ ಕಾಲದ ಇನ್ನೊಂದು ಚಿತ್ರವನ್ನು ನೋಡಿ. ಘಟ್ಟದ ಮೇಲಿನ ಶಿರಸಿ ಸೀಮೆಗೆ ಹೋಗೋಣ. ಅಡಿಕೆ ತೋಟದ ಮನೆ, ಕೊಟ್ಟಿಗೆ ತುಂಬ ದನ, ತಿಂಗಳುಗಟ್ಟಲೆ ಮಳೆ. ಮಳೆಗಾಲದಲ್ಲಿ ಒಣಸೌದೆ ಸಿಕ್ಕುವುದು ಕಷ್ಟವೆಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಗೆ ಗೊಬ್ಬರದ ಅನಿಲ ಬಂತು. ಸೆಗಣಿಯನ್ನು ನೀರಿನಲ್ಲಿ ಕದಡಿ ಗಾಳಿಯಾಡದ ಗುಂಡಿಗೆ ಬಿಟ್ಟರೆ ಅದರಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನ್ ಎಂಬ ಉರಿಯುವ ಅನಿಲವನ್ನು ಹೊರಡಿಸುತ್ತವೆ. ಅನಿಲ ಒಲೆಗೆ, ಉಳಿದ ಬಗ್ಗಡ ತೋಟದ ಗೊಬ್ಬರಕ್ಕೆ. ಮೊದಲು ಬಂದ ಸ್ಥಾವರಗಳಲ್ಲಿ ಅನಿಲವನ್ನು ಹಿಡಿಯಲು ಕಬ್ಬಿಣದ ದೊಡ್ಡ ಡ್ರಮ್ಮು ಬೇಕಾಗಿತ್ತು. ಅದು ದುಬಾರಿ, ತುಕ್ಕು ಬೇರೆ. ೧೯೮೪ರಲ್ಲಿ ‘ದೀನಬಂಧು’ ಎಂಬ ಮಾದರಿ ಹೊರಬಂತು. ಅದರಲ್ಲಿ ಡ್ರಮ್ಮೇ ಇಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ. ಖರ್ಚು ಇಳಿಯಿತು, ಊರಿನ ಗಾರೆಯವನೇ ಕಟ್ಟುವಂತಾಯಿತು.

ಶಿರಸಿಯಲ್ಲಿಯೂ ಸರಕಾರ ಸಹಾಯಧನ ಕೊಟ್ಟಿತು. ವ್ಯತ್ಯಾಸ ಎಲ್ಲಿ? ಇಲ್ಲಿ ಕಟ್ಟುವವನಿಗೆ ಕೊಡುವ ಹಣದ ಜೊತೆಗೆ ಒಂದು ಕರಾರೂ ಇತ್ತು: ಕಟ್ಟಿದ ಮೇಲೆ ಇಷ್ಟು ವರ್ಷ ಸ್ಥಾವರಕ್ಕೆ ಅವನೇ ಹೊಣೆ. ಅದಕ್ಕಿಂತ ಮಿಗಿಲಾಗಿ, ಸೀಮೆಯಲ್ಲಿ ಈ ಕಸಬಿನವರು ಒಬ್ಬರಲ್ಲ, ಹಲವರಿದ್ದರು. ಒಬ್ಬನ ಕೆಲಸ ಕೆಟ್ಟರೆ ನೆಂಟರಿಷ್ಟರ ಮನೆಗಳಲ್ಲೆಲ್ಲ ಆ ಸುದ್ದಿ ಹರಡಿ ಮುಂದಿನ ಕೆಲಸ ಇನ್ನೊಬ್ಬನ ಪಾಲಾಗುತ್ತಿತ್ತು. ಕಟ್ಟಿಸುವ ಮನೆಯವನೂ ತನ್ನ ಕೈಯಿಂದ ಗಣನೀಯ ಹಣ ಹಾಕಿದ್ದರಿಂದ ಕೇಳುವ ದನಿ ಅವನಿಗಿತ್ತು. ಫಲವೇನೆಂದರೆ, ಬೆಂಗಳೂರಿನ ಸಂಶೋಧಕರು ಆ ಸೀಮೆಯ ಹಳ್ಳಿಗಳಲ್ಲಿ ಮನೆ ಮನೆ ಪರಿಶೀಲಿಸಿ ೨೦೦೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೋಡಿದ ಸ್ಥಾವರಗಳು ಹೆಚ್ಚುಕಡಿಮೆ ಎಲ್ಲವೂ ಕೆಲಸ ಮಾಡುತ್ತಿದ್ದುದು ಕಂಡುಬಂತು. ದೇಶದ ಬೇರೆ ಕಡೆಗಳಲ್ಲಿ ಅದೇ ಸಹಾಯಧನದಿಂದ ಕಟ್ಟಿದ ಎಷ್ಟೋ ಗುಂಡಿಗಳು ಹುಲ್ಲು ಬೆಳೆದು ಬಿದ್ದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ದನ ಇದ್ದವರು, ಸ್ವಲ್ಪ ಅನುಕೂಲವುಳ್ಳವರು ಅಲ್ಲಿದ್ದರು ಎಂಬುದೂ ನಿಜ. ಆದರೆ ಅನುಕೂಲ ಮಾತ್ರದಿಂದ ಅನಿಲ ಹುಟ್ಟುವುದಿಲ್ಲ. ಸ್ಥಾವರ ಕಟ್ಟಿದವನು ಕರೆದಾಗ ಬರಬೇಕು.

ಹಳ್ಳಿಯ ಮಾತಾಯಿತು. ಇನ್ನು ನಮ್ಮ ನಿಮ್ಮಂಥ ಪಟ್ಟಣಿಗರ ಮನೆಗೆ ಬರೋಣ. ಪಟ್ಟಣದಲ್ಲಿ ಹಂಡೆಯ ಜಾಗಕ್ಕೆ ಬಂದದ್ದು ವಿದ್ಯುತ್ತಿನ ಗೀಸರು. ಅದರ ಅನುಕೂಲ ಎಲ್ಲರೂ ಬಲ್ಲದ್ದೆ. ಆದರೆ ಅದರ ಲೆಕ್ಕವನ್ನು ಒಮ್ಮೆ ಹಾಕಿ. ಸಾಮಾನ್ಯವಾದ ಒಂದು ಗೀಸರು ೨ ಕಿಲೋವಾಟ್ ಎಳೆಯುತ್ತದೆ. ಬೆಳಗ್ಗೆ ಆರರಿಂದ ಎಂಟರೊಳಗೆ ೫ ಲಕ್ಷ ಮನೆಗಳಲ್ಲಿ ಗೀಸರನ್ನು ಒಟ್ಟಿಗೆ ಹಾಕಿದರೆ ೧೦ ಲಕ್ಷ ಕಿಲೋವಾಟ್ ಆಯಿತು. ಶರಾವತಿಯ ದೊಡ್ಡ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಶಕ್ತಿ ೧೦ ಲಕ್ಷದ ೩೫ ಸಾವಿರ ಕಿಲೋವಾಟ್. ಎಂದರೆ ಲಿಂಗನಮಕ್ಕಿಯಲ್ಲಿ ಕಟ್ಟಿ ನಿಲ್ಲಿಸಿದ ಅಷ್ಟು ನೀರು ನಮ್ಮ ಸ್ನಾನದ ನೀರನ್ನು ಬಿಸಿಮಾಡಲೆಂದೇ ಧುಮುಕಬೇಕು! ಮಳೆ ಕೈಕೊಟ್ಟ ವರ್ಷಗಳಲ್ಲಿ ವಿದ್ಯುತ್ ಕಡಿತವನ್ನು ಅನುಭವಿಸಿದ ನಮಗೆ ಈ ಲೆಕ್ಕದ ಭಾರ ಚೆನ್ನಾಗಿ ತಿಳಿಯುತ್ತದೆ.

ಬಿಸಿಲಿನ ಹೀಟರಿನ ತತ್ತ್ವ ಬಹಳ ಸರಳ. ಕಪ್ಪು ಬಳಿದ ಫಲಕದಲ್ಲಿ ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಣ್ಣೀರು ಕೆಳಗಿಳಿದು ಅದರ ಜಾಗಕ್ಕೆ ಬರುತ್ತದೆ. ಪಂಪೂ ಬೇಡ, ವಿದ್ಯುತ್ತೂ ಬೇಡ. ೧೦೦ ಲೀಟರು ನೀರನ್ನು ೩೦ ಡಿಗ್ರಿಯಷ್ಟು ಬಿಸಿಮಾಡಲು ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತು ಬೇಕು. ಬಿಸಿಲಿರುವ ೩೦೦ ದಿನ ಹಿಡಿದರೆ ವರ್ಷಕ್ಕೆ ಸಾವಿರ ಯೂನಿಟ್ಟಿಗೂ ಮೇಲೆ ಉಳಿತಾಯ. ಆದರೆ ಕೊಳ್ಳುವಾಗ ಒಮ್ಮೆಗೇ ಸಾವಿರಾರು ರೂಪಾಯಿ ಎಣಿಸಬೇಕಾದದ್ದು ಇದರ ತೊಡಕು. ಆದ್ದರಿಂದ ಕೇಂದ್ರ ಸರಕಾರ ಮೊದಲು ಸಹಾಯಧನವನ್ನೂ, ಆಮೇಲೆ ಕಡಿಮೆ ಬಡ್ಡಿಯ ಸಾಲವನ್ನೂ, ೨೦೧೦ರ ಸೌರ ಮಿಷನ್ನಿನ ಕಾಲದಲ್ಲಿ ಮತ್ತೆ ಸಹಾಯಧನವನ್ನೂ ಕೊಟ್ಟುನೋಡಿತು.

ಕರ್ನಾಟಕ ಇದಕ್ಕೆ ತನ್ನದೇ ಎರಡು ಉಪಾಯಗಳನ್ನು ಸೇರಿಸಿತು. ಒಂದು, ಬಿಸಿಲಿನ ಹೀಟರು ಇಟ್ಟ ಮನೆಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ ೫೦ ಪೈಸೆಯಂತೆ, ತಿಂಗಳಿಗೆ ೫೦ ರೂಪಾಯಿ ಮೀರದಂತೆ ಸೋಡಿ. ಎರಡು, ೨೦೦೭ರ ಸರಕಾರಿ ಆದೇಶ. ನಿಗದಿಯಾದ ಅಳತೆಗೆ ಮೇಲ್ಪಟ್ಟ ಹೊಸ ಮನೆಗೆ ಬಿಸಿಲಿನ ಹೀಟರು ಇಲ್ಲದಿದ್ದರೆ ವಿದ್ಯುತ್ ಸಂಪರ್ಕವೇ ಇಲ್ಲ. ತಿಂಗಳಿಗೆ ೫೦ ರೂಪಾಯಿ ಎಂದರೆ ವರ್ಷಕ್ಕೆ ೬೦೦. ಹೀಟರಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಹಾಗಾದರೆ ಅದು ಕೆಲಸ ಮಾಡಿದ್ದು ಹೇಗೆ? ಸಹಾಯಧನ ಒಂದು ದಿನ ಬಂದು ಮರೆತುಹೋಗುತ್ತದೆ. ಬಿಲ್ಲಿನ ಸೋಡಿ ತಿಂಗಳು ತಿಂಗಳೂ ಬಾಗಿಲಿಗೆ ಬಂದು, ‘ನಿಮ್ಮ ಹೀಟರು ಹೇಗಿದೆ?’ ಎಂದು ವಿಚಾರಿಸಿಕೊಂಡು ಹೋಗುತ್ತದೆ. ಮೇಲಾಗಿ ಊರಿನ ಹವೆ ತಂಪು, ಬಿಸಿಲು ಧಾರಾಳ, ಹೀಟರು ತಯಾರಿಸುವ ಕಾರ್ಖಾನೆಗಳೂ ರಿಪೇರಿ ಮಾಡುವವರೂ ಊರಿನಲ್ಲಿಯೆ. ಸೌದೆ ಸೀಳಿಕೊಡುವವನು ಪಕ್ಕದ ಬೀದಿಯಲ್ಲಿಯೇ ಇದ್ದಂತಾಯಿತು. ಬೆಂಗಳೂರು ದೇಶದಲ್ಲಿ ಈ ಹೀಟರುಗಳಿಗೆ ಹೆಸರುವಾಸಿಯಾದದ್ದು ಹೀಗೆ.

ಇಲ್ಲಿಯೂ ಕೊರತೆಗಳಿಲ್ಲವೆಂದಲ್ಲ. ಕೊಳವೆಬಾವಿಯ ಗಡಸು ನೀರು ಕೊಳವೆಗಳ ಒಳಗೆ ಸುಣ್ಣದಂತೆ ಪೊರೆಗಟ್ಟುತ್ತದೆ. ವರ್ಷಕ್ಕೊಮ್ಮೆ ತೊಳೆಸದಿದ್ದರೆ ಹೀಟರು ತಾರಸಿಯ ಅಲಂಕಾರವಾಗಿ ಉಳಿಯುತ್ತದೆ. ಬಹು ಅಂತಸ್ತಿನ ಮನೆಗಳಲ್ಲಿ ಎಲ್ಲರಿಗೂ ಸಾಲುವಷ್ಟು ತಾರಸಿಯೇ ಇಲ್ಲ. ಬಾಡಿಗೆ ಮನೆಗಳ ತೊಡಕು ಇನ್ನೊಂದು ಬಗೆ: ಹೀಟರಿಗೆ ಹಣ ಹಾಕಬೇಕಾದವರು ಮಾಲೀಕರು, ಬಿಲ್ಲು ಉಳಿಯುವುದು ಬಾಡಿಗೆದಾರರಿಗೆ. ಲಾಭ ಒಬ್ಬರದು, ಖರ್ಚು ಇನ್ನೊಬ್ಬರದು ಆದ ಕಡೆ ಯಾವ ಯೋಜನೆಯೂ ಕುಂಟುತ್ತದೆ. ಹೊಸ ಮನೆಗೆ ಸಂಪರ್ಕ ಪಡೆಯುವುದಕ್ಕೆಂದೇ ಅತಿ ಅಗ್ಗದ ಹೀಟರನ್ನು ತಂದು ನಿಲ್ಲಿಸಿ, ಒಳಗೆ ಗೀಸರನ್ನೇ ಬಳಸಿದವರೂ ಇದ್ದಾರೆ. ಕಾನೂನು ತಾರಸಿಯವರೆಗೆ ಏರಬಲ್ಲದು. ಬಚ್ಚಲಿನ ನಲ್ಲಿಯನ್ನು ತಿರುಗಿಸಲಾರದು.

ದೀಪದ ಕಥೆ ಇವೆಲ್ಲಕ್ಕಿಂತ ಭಿನ್ನವಾದದ್ದು. ಹಳೆಯ ತಂತಿಯ ಬಲ್ಬು ದೀಪಕ್ಕಿಂತ ಹೆಚ್ಚಾಗಿ ಒಲೆಯೇ ಸರಿ; ಅದಕ್ಕೆ ಹರಿದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಬೆಳಕಾಗಿ ಉಳಿದದ್ದೆಲ್ಲ ಶಾಖವಾಗುತ್ತದೆ. ೨೦೦೪-೦೫ರ ಸುಮಾರಿಗೆ ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂ, ಸಿಎಫ್‌ಎಲ್ ದೀಪಗಳನ್ನು ಕೊಂಡವರು ಬೆಲೆಯನ್ನು ಬಿಲ್ಲಿನ ಜೊತೆ ಕಂತಿನಲ್ಲಿ ತೀರಿಸುವ ಏರ್ಪಾಡು ಮಾಡಿತು. ೨೦೦೯ರಲ್ಲಿ ಕೇಂದ್ರ ಸರಕಾರದ ‘ಬಚತ್ ಲ್ಯಾಂಪ್’ ಯೋಜನೆ ಅದೇ ದೀಪವನ್ನು ತಂತಿಯ ಬಲ್ಬಿನ ಬೆಲೆಗೆ, ಎಂದರೆ ಸುಮಾರು ೧೫ ರೂಪಾಯಿಗೆ, ಮನೆಗಳಿಗೆ ಕೊಡಲು ಹೊರಟಿತು. ಆಮೇಲೆ ಬಂದದ್ದು ಎಲ್‌ಇಡಿ. ೨೦೧೫ರ ಜನವರಿಯಲ್ಲಿ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದುದು ನಿಮಗೆ ನೆನಪಿರಬಹುದು. ೯ ವಾಟಿನ ಬಲ್ಬು ೧೦೦ ರೂಪಾಯಿಗೆ ಕೌಂಟರುಗಳಲ್ಲಿ ಸಿಕ್ಕುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ದೀಪಕ್ಕೆ ಸರಕಾರ ಸಹಾಯಧನವನ್ನೇ ಕೊಡಲಿಲ್ಲ. ಅದು ಮಾಡಿದ್ದು ದೊಡ್ಡ ಗಿರಾಕಿಯ ಕೆಲಸ. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳುತ್ತೇನೆಂದು ಟೆಂಡರು ಕರೆದಾಗ ಕಾರ್ಖಾನೆಗಳು ಧೈರ್ಯವಾಗಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ೨೦೧೪ರಲ್ಲಿ ೩೧೦ ರೂಪಾಯಿಯಿದ್ದ ಖರೀದಿ ಬೆಲೆ ೨೦೧೬ರ ಹೊತ್ತಿಗೆ ೩೮ ರೂಪಾಯಿಗೆ ಇಳಿಯಿತು. ೩೬ ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಐದು ಬಲ್ಬುಗಳನ್ನು ದಿನಕ್ಕೆ ಐದು ಗಂಟೆ ಉರಿಸುವ ಮನೆಯಲ್ಲಿ, ೬೦ ವಾಟಿನ ಜಾಗಕ್ಕೆ ೯ ವಾಟು ಬಂದರೆ ತಿಂಗಳಿಗೆ ೩೮ ಯೂನಿಟ್ ಉಳಿಯುತ್ತದೆ. ಹೋಲ್ಡರಿನಿಂದ ಒಂದನ್ನು ತಿರುಗಿಸಿ ತೆಗೆದು ಇನ್ನೊಂದನ್ನು ಹಾಕಿದರೆ ತೀರಿತು. ಕೊಳವೆ ತೊಳೆಯಬೇಕಾಗಿಲ್ಲ, ಸೌದೆ ಸೀಳಬೇಕಾಗಿಲ್ಲ. ಮೂರು ಕೋಟಿ ಒಲೆಗಳು ಸೋತ ಕಡೆ ಮೂವತ್ತಾರು ಕೋಟಿ ದೀಪಗಳು ಗೆದ್ದ ಗುಟ್ಟು ಬಹುಮಟ್ಟಿಗೆ ಇಷ್ಟರಲ್ಲಿಯೇ ಇದೆ.

ಒಲೆಯ ಕಥೆಗೂ ಒಂದು ಮುಂದಿನ ಭಾಗವಿದೆ. ೨೦೧೬ರ ಮೇ ತಿಂಗಳಲ್ಲಿ ಮೊದಲಾದ ಉಜ್ವಲಾ ಯೋಜನೆಯಲ್ಲಿ ಬಡ ಕುಟುಂಬದ ಹೆಂಗಸರ ಹೆಸರಿನಲ್ಲಿ ಅಡಿಗೆ ಅನಿಲದ ಸಂಪರ್ಕ ಕೊಡಲಾಯಿತು. ಇದು ನವೀಕರಿಸಬಲ್ಲ ಶಕ್ತಿಯಲ್ಲ, ನಿಜ. ಆದರೆ ಹೊಗೆಯಿಂದ ಬಿಡುಗಡೆ ಎಂಬ ದೃಷ್ಟಿಯಿಂದ ಅದು ಆ ಹಳೆಯ ಒಲೆಯ ಉತ್ತರಾಧಿಕಾರಿ. ಸಿಲಿಂಡರು ಮನೆಗೆ ಬಂದದ್ದು ದೊಡ್ಡ ಹೆಜ್ಜೆ. ಆದರೂ ಅದು ಖಾಲಿಯಾದ ಮೇಲೆ ತುಂಬಿಸಲು ಹಣವಿಲ್ಲದೆ ಮತ್ತೆ ಸೌದೆಗೆ ಮರಳಿದ ಮನೆಗಳಿದ್ದುವು. ಅಲ್ಲಿಯೂ ಪ್ರಶ್ನೆ ಮೊದಲ ದಿನದ್ದಲ್ಲ, ಎರಡನೆಯ ಸಿಲಿಂಡರಿನದು.

ಕಡೆಯದಾಗಿ ತಾರಸಿ. ಬಿಸಿಲಿನಿಂದ ನೀರು ಕಾಯಿಸುವುದಲ್ಲದೆ ವಿದ್ಯುತ್ತನ್ನೇ ಮಾಡಿ, ಹೆಚ್ಚಾದದ್ದನ್ನು ಸರಕಾರಿ ತಂತಿಗೆ ಬಿಡುವ ಏರ್ಪಾಡು ಇಂದು ನಮ್ಮ ಬೀದಿಗಳಲ್ಲಿ ಕಾಣುತ್ತಿದೆ. ಕರ್ನಾಟಕದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ೨೦೧೩ರಲ್ಲಿ ಇಂಥ ವಿದ್ಯುತ್ತಿಗೆ ಯೂನಿಟ್ಟಿಗೆ ೯ ರೂಪಾಯಿ ೫೬ ಪೈಸೆ, ಸಹಾಯಧನ ಪಡೆದಿದ್ದರೆ ೭ ರೂಪಾಯಿ ೨೦ ಪೈಸೆ ದರ ಗೊತ್ತುಮಾಡಿತು. ಫಲಕಗಳು ಅಗ್ಗವಾದಂತೆ ಆ ದರವನ್ನು ಮುಂದೆ ಇಳಿಸಲಾಯಿತು. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ‘ಪಿಎಂ ಸೂರ್ಯಘರ್’ ಯೋಜನೆಯನ್ನು ಸಾರಿತು. ಗುರಿ ೧ ಕೋಟಿ ಮನೆ, ತೆಗೆದಿಟ್ಟ ಹಣ ೭೫,೦೨೧ ಕೋಟಿ ರೂಪಾಯಿ. ೨ ಕಿಲೋವಾಟಿನವರೆಗೆ ಕಿಲೋವಾಟಿಗೆ ೩೦,೦೦೦ ರೂಪಾಯಿ, ೩ ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟರೆ ಒಟ್ಟು ೭೮,೦೦೦ ರೂಪಾಯಿ ಸಹಾಯಧನ. ಬಿಸಿಲುಳ್ಳ ದಿನ ಒಂದು ಕಿಲೋವಾಟಿನಿಂದ ಸುಮಾರು ೪ ಯೂನಿಟ್ ಬರುತ್ತದೆ. ಈ ಯೋಜನೆಯಲ್ಲಿ ನನಗೆ ಮೆಚ್ಚಿಗೆಯಾದ ಅಂಶವೆಂದರೆ ಹಣದ ಮೊತ್ತಕ್ಕಿಂತ ಎರಡು ಕರಾರುಗಳು: ಸ್ಥಾವರ ನಿಂತು, ಪರಿಶೀಲನೆಯಾದ ಮೇಲೆಯೇ ಹಣ ಮನೆಯವರ ಖಾತೆಗೆ ಬರುವುದು, ಕೂರಿಸಿದವನು ಐದು ವರ್ಷ ಅದರ ನಿರ್ವಹಣೆಗೆ ಹೊಣೆಯಾಗುವುದು. ಶಿರಸಿ ಸೀಮೆ ಕಲಿಸಿದ ಪಾಠ ಕಡೆಗೂ ಕಾಗದಕ್ಕೆ ಬಂದಿತೆನ್ನಬಹುದು.

ಆದರೆ ಇದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಇನ್ನೊಂದು ಯೋಜನೆಯೂ ಬಂದಿದೆ. ೨೦೨೩ರ ಜುಲೈಯಿಂದ ಗೃಹಜ್ಯೋತಿಯ ಮೂಲಕ, ೨೦೦ ಯೂನಿಟ್ ಮೀರದಂತೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ವಿದ್ಯುತ್ತನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಬಡ ಸಂಸಾರದ ತಿಂಗಳ ಖರ್ಚಿನಲ್ಲಿ ಅದರ ನೆಮ್ಮದಿ ಎಷ್ಟೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಅದರ ಉದ್ದೇಶವೇ ಬೇರೆ. ಆದರೆ ಶಕ್ತಿಯ ಉಳಿತಾಯದ ದೃಷ್ಟಿಯಿಂದ ನೋಡಿದರೆ, ಬಿಲ್ಲು ಸೊನ್ನೆಯಾದ ಮನೆಯಲ್ಲಿ ೧೦ ಯೂನಿಟ್ ಉಳಿಸಿದವನಿಗೂ ಉಳಿಸದವನಿಗೂ ಭೇದ ಕಾಣುವುದಿಲ್ಲ. ತಾರಸಿಯ ಮೇಲೆ ಫಲಕ ಹಾಕು ಎಂದು ಒಂದು ಕೈ ೭೮,೦೦೦ ಕೊಡುತ್ತದೆ; ನಿನಗೆ ಬಿಲ್ಲೇ ಇಲ್ಲ ಎಂದು ಇನ್ನೊಂದು ಕೈ ಹೇಳುತ್ತದೆ. ಎರಡೂ ಕೈ ಒಳ್ಳೆಯವೇ. ಎರಡನ್ನೂ ಹೊಂದಿಸುವ ಬಗೆಯನ್ನು, ಅಂದರೆ ಉಚಿತದ ಮಿತಿಗಿಂತ ಕಡಿಮೆ ಬಳಸಿದವನಿಗೂ ಏನಾದರೊಂದು ಸಲ್ಲುವ ಬಗೆಯನ್ನು, ನಮ್ಮ ಹಿರಿಯರು ಯೋಚಿಸಬೇಕಾಗಿದೆ.

ವಾಚಕರೆ, ಈ ಚರಿತ್ರೆಯಿಂದ ನಮ್ಮ ಮನೆಗೆ ತೆಗೆದುಕೊಳ್ಳಬೇಕಾದ ಬುದ್ಧಿಯೇನು? ಸರಕಾರದ ನೆರವನ್ನು ಬೇಡವೆನ್ನುವುದಲ್ಲ. ಅದು ನಮ್ಮದೇ ತೆರಿಗೆಯ ಹಣ. ನಾಳೆ ನಿಮ್ಮ ಮನೆಗೆ ಯಾರಾದರೂ ಬಂದು ಫಲಕವನ್ನೋ ಹೀಟರನ್ನೋ ಇನ್ನಾವುದನ್ನೋ ಸಹಾಯಧನದಲ್ಲಿ ಕೂರಿಸುತ್ತೇನೆಂದರೆ, ಎಷ್ಟು ಹಣ ಬರುತ್ತದೆಂದು ಕೇಳಿ. ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಿ. ಫಲಕದ ಧೂಳನ್ನು ಯಾರು ಒರೆಸುತ್ತಾರೆ? ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತೀರಿ? ಆ ಮಾತನ್ನು ಬರ್ದುಕೊಡುತ್ತೀರಾ? ನಿಮ್ಮ ಬಳಿ ಈ ಹಿಂದೆ ಹಾಕಿಸಿಕೊಂಡ ಎರಡು ಮನೆಗಳನ್ನು ತೋರಿಸುತ್ತೀರಾ? ಮನೆಯಲ್ಲಿ ಅದನ್ನು ದಿನವೂ ಬಳಸಬೇಕಾದವರು ಯಾರೋ, ಅವರ ಎದುರಿಗೇ ಈ ಮಾತುಕತೆ ನಡೆಯಲಿ.

ನನ್ನ ಸೋದರತ್ತೆಯ ಆ ಒಲೆ ಆಮೇಲೆ ಬಹಳ ದಿನ ಉಳಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಅವರಿಗೆ ಉಬ್ಬಸ ಹತ್ತಿತ್ತು. ಹೊಗೆ ಕಂಡರೆ ಕೆಮ್ಮು. ಆ ಒಲೆಯನ್ನು ಕಟ್ಟಿದವನು ಮತ್ತೊಮ್ಮೆ ಬಂದು ಅದರ ಬಾಯಿಯ ಅಳತೆಯನ್ನು ಅವರನ್ನೇ ಕೇಳಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಒಂದೊಂದು ಸಲ ಅನ್ನಿಸುತ್ತದೆ.